ಆಳದ ಕಲ್ಲುಗಳಲ್ಲಿ ಮೀನು ಹಿಡಿಯುದು ಬಂದ್ ಮಾಡಿದ್ರೆ ಮುರು ಮೀನು ವಾಪಸ್ ಬರ್ತದಾ?

ಪಡುಕರೆಯವ
ಸುಮಾರು ದಿನದಿಂದ ಮಂಡೆಲಿ ಇರುವ ಪ್ರಶ್ನೆ, ಇಲ್ಲಿ ಬೋಟಿನವರೂ ಇದ್ದೀರಿ, ಓದಿದವರೂ ಇದ್ದೀರಿ ಅಂತ ಹಾಕ್ತಿದ್ದೇನೆ.

ಮೊನ್ನೆ ಆದಿತ್ಯವಾರ ಮುರು ಮೀನು (ಕಲ್ಲಿನ ಸಂದಿಲಿರುವ ಮೀನು, ಇಂಗ್ಲಿಷಲ್ಲಿ ಗ್ರೂಪರ್) ತಗೊಳ್ಳುವಾ ಅಂತ ಹೋದೆ. ಬುಟ್ಟಿಲಿ ಇದ್ದದ್ದೆಲ್ಲ ಅಂಗೈ ಉದ್ದದ್ದು. ನಾನು ಸಣ್ಣವನಿರುವಾಗ ಅಪ್ಪ ತರ್ತಿದ್ದ ಮುರುವಿನ ತಲೆ ಒಂದನ್ನೇ ಬೇರೆ ಪಾತ್ರೆಲಿ ಬೇಯಿಸ್ಬೇಕಿತ್ತು. ಮಾರುವ ಅಕ್ಕನ ಹತ್ರ ಕೇಳಿದ್ರೆ "ದೊಡ್ಡದು ಈಗ ಎಲ್ಲುಂಟು ಮಗಾ, ಬಂದ್ರೂ ಸೀದಾ ಹೋಟ್ಲಿಗೆ ಹೋಗ್ತದೆ" ಅಂದ್ರು.

ನಮ್ಮ ಸೋದರಮಾವ 28 ವರ್ಷ ತಂಡೇಲ (ಬೋಟು ನಡೆಸುವವ) ಆಗಿದ್ದವರು. ಅವರು ಹೇಳುದು ಹಿಡಿದದ್ದು ಹೆಚ್ಚಾದ್ದಲ್ಲ, ಕಲ್ಲು ಹಾಳಾದದ್ದು ಅಂತ. "ಕೂತ್ಕೊಳ್ಲಿಕ್ಕೆ ಮನೆಯೇ ಇಲ್ಲದಿದ್ರೆ ಮೀನು ಯಾರ ಮನೆಗೆ ಬರುದು?" ಅಂತಾರೆ. ಬೆಂಗಳೂರಲ್ಲಿರುವ ಅವರ ಮಗ ಹೇಳುದು ಕಡಲಲ್ಲಿ ಅಭಯಾರಣ್ಯ ಮಾಡಿ ಹತ್ತು ವರ್ಷ ಮುಟ್ಟದೆ ಬಿಟ್ರೆ ಎಲ್ಲ ತನ್ನಷ್ಟಕ್ಕೆ ಬರ್ತದೆ ಅಂತ. ಊಟಕ್ಕೆ ಕೂತಲ್ಲಿ ಅಪ್ಪ ಮಗನಿಗೆ ದೊಡ್ಡ ಜಗಳ.

ಯಾರದ್ದು ಸರಿ? ಮತ್ತೆ ನಾನು ಕೇಳುದು ದಡದ ಹತ್ರದ ಬಂಡೆ ಅಲ್ಲ, 25-40 ಮಾರು (ಒಂದು ಮಾರು ಅಂದ್ರೆ ಸುಮಾರು 1.8 ಮೀಟರ್) ನೀರಿನ ಕಲ್ಲುಗಳ ಬಗ್ಗೆ.

ಬಂಗುಡೆ_ಪುಳಿಮುಂಚಿ
ಮುರುವಿಗೆ ಕೇಜಿಗೆ ಎಷ್ಟಂತೆ? ಅದು ಹೇಳಿ ಮೊದ್ಲು

ದಕ್ಕೆ_ಬೋಟಿನವ
ಅಗೋ ಶುರುವಾಯ್ತು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟು ಕಟ್ಟಿ ಹಾಕಿ ಕೂರ್ತೇವೆ, ಡೀಸೆಲ್ ರೇಟು ನಿಮ್ಗೆ ಗೊತ್ತುಂಟು, ಐಸಿಗೆ ದುಡ್ಡು, ಕಲಾಸಿಗಳಿಗೆ (ಬೋಟಿನ ಕೆಲಸದವರಿಗೆ) ಮುಂಗಡ, ಇನ್ನು ಕಲ್ಲು ಕೂಡ ಬಂದ್ ಮಾಡುವಾ ಅಂತ ಒಬ್ರು ಬಂದ್ರು. ಒಂದು ವಿಷಯ ಹೇಳಿ, ತಳಕ್ಕೆ ತಾಗಿಸಿ ಎಳೆಯುವ ಟ್ರಾಲ್ ಬಲೆಯನ್ನ ಕಲ್ಲಿನ ಮೇಲೆ ಯಾರು ಎಳಿತಾರೆ? ಬಲೆ ಸಿಕ್ಕಿ ಹರಿದ್ರೆ ಒಂದು ಟ್ರಿಪ್ಪಿನ ಲಾಭ ಅಲ್ಲಿಗೇ ಮುಗೀತು, ಬಲೆಯ ಬಾಯಿ ಅಗಲ ಮಾಡುವ ಬೋರ್ಡ್ ಹೋದ್ರಂತೂ ಕೇಳುದೇ ಬೇಡ. ಕಲ್ಲು ಕಂಡ್ರೆ ನಾವೇ ದೂರ ಹೋಗುದು. ಅದಕ್ಕೆ ಅಭಯಾರಣ್ಯ ಎಂತಕ್ಕೆ?

ಗಾಳದಜ್ಜನ_ಮೊಮ್ಮಗ
@ದಕ್ಕೆ_ಬೋಟಿನವ ಅಣ್ಣಾ ನೀವು ಹೇಳುದು ಜಿಪಿಎಸ್ ಇಲ್ಲದ ಕಾಲದ್ದು. ಆಗ ಕಲ್ಲು ಎಲ್ಲಿ ಶುರು ಎಲ್ಲಿ ಮುಗೀತದೆ ಅಂತ ಸರಿ ಗೊತ್ತಿಲ್ಲದ್ದಕ್ಕೆ ಹೆದರಿ ಒಂದು ಮೈಲು ಆಚೆ ಹೋಗ್ತಿದ್ರು. ಈಗ ಪ್ಲಾಟರಲ್ಲಿ (ಜಿಪಿಎಸ್ ನಕ್ಷೆಯ ಪರದೆ) ಗೆರೆ ಕಾಣ್ತದೆ, ಕಲ್ಲಿನ ಬುಡಕ್ಕೆ ತಾಗಿಸಿ ತಾಗಿಸಿ ಎಳಿತಾರೆ, ಯಾಕಂದ್ರೆ ಮೀನು ಇರುದೇ ಆ ಅಂಚಲ್ಲಿ.

ನಾನು ಎರಡು ಸೀಸನ್ ಆಳಸಮುದ್ರ ಬೋಟಲ್ಲಿ ಕಲಾಸಿ ಆಗಿ ಹೋದವ. ಒಂದ್ಸಲ ಬಲೆ ಬಿಚ್ಚಿ ಸುರಿದಾಗ ಮೀನಿನೊಟ್ಟಿಗೆ ಒಣಗಿದ ಗಿಡದ ಹಾಗೆ ಕೊಂಬೆ ಕೊಂಬೆ ಇರುವ ಒಂದು ಬಂತು, ನನ್ನ ಮೊಣಕೈ ತನಕ ಎತ್ತರ, ಬುಡದಲ್ಲಿ ಕಲ್ಲಿನ ಚೂರು ಹಾಗೇ ಅಂಟಿತ್ತು. ಕೊಂಬೆಗಳ ಎಡೆಲಿ ಉಗುರಿನಷ್ಟು ಸಣ್ಣ ಏಡಿ, ದಾರದ ಹಾಗೆ ಕೈ ಇರುವ ನಕ್ಷತ್ರ ಮೀನು, ಇನ್ನೂ ಜೀವ ಇತ್ತು. ತಂಡೇಲರು ಕಾಲಲ್ಲಿ ನೂಕಿ "ಬಿಸಾಡು ಅದನ್ನ, ಬಲೆಗೆ ಸಿಕ್ತದೆ" ಅಂದ್ರು. ಬಿಸಾಡಿದೆ. ಅದು ಮತ್ತೆ ಹೋಗಿ ಕಲ್ಲಿಗೆ ಅಂಟ್ತದಾ?

ದಕ್ಕೆ_ಬೋಟಿನವ
ಒಂದು ಕೊಂಬೆ ಬಂದದ್ದಕ್ಕೆ ಕಡಲೇ ಹಾಳಾಯ್ತಾ ಮಾರಾಯ

ಎಂಎಫ್ಎಸ್ಸಿ_ಮುಗಿಸಿದವ
ಅದು ಗಿಡ ಅಲ್ಲ, ಪ್ರಾಣಿ. ಹವಳದ ಜಾತಿ, ಸೀ ಫ್ಯಾನ್ ಅಂತಾರೆ. ಮೊಣಕೈ ಎತ್ತರ ಆಗ್ಬೇಕಾದ್ರೆ ತುಂಬ ವರ್ಷ ಬೇಕು.

ಮೂಲ ಪ್ರಶ್ನೆಗೆ ಬರ್ತೇನೆ, ಸ್ವಲ್ಪ ಉದ್ದ ಆಗ್ತದೆ. ಪಡುಕರೆಯವರ ಮಾವನೂ ಸರಿ, ಮಾವನ ಮಗನೂ ಅರ್ಧ ಸರಿ. ಆದ್ರೆ ಎರಡನ್ನ ಬೇರೆ ಮಾಡಿ ನೋಡುದು ಭಯಂಕರ ಕಷ್ಟ, ಯಾಕಂದ್ರೆ ಸರಕಾರಗಳು ಅಭಯಾರಣ್ಯ ಮಾಡುದು ಸುಮ್ನೆ ಎಲ್ಲೋ ಅಲ್ಲ, ಒಳ್ಳೆ ಕಲ್ಲು ಇರುವ ಜಾಗ ನೋಡಿ. ಆಮೇಲೆ ಅಲ್ಲಿ ಮೀನು ಜಾಸ್ತಿ ಕಂಡ್ರೆ "ನೋಡಿ ನಮ್ಮ ರಕ್ಷಣೆ ಕೆಲಸ ಮಾಡಿತು" ಅಂತ ಹೇಳುದು. ಆ ಕಲ್ಲಲ್ಲಿ ಮೀನು ಮೊದಲೇ ಜಾಸ್ತಿ ಇದ್ದಿರಬಹುದಲ್ಲ? ಹೊಯ್ಗೆಯ ತಳ ಒಂದು ಬದಿ, ಬಿರುಕು ಬಿರುಕು ಇರುವ ಕಲ್ಲು ಇನ್ನೊಂದು ಬದಿ ಇಟ್ಟು ಹೋಲಿಸಿದ್ರೆ ಕಲ್ಲೇ ಗೆಲ್ಲುದು, ಅಭಯಾರಣ್ಯ ಅಂತ ಬೋರ್ಡು ಹಾಕಿದ್ರೂ ಹಾಕದಿದ್ರೂ. ಹಾಗಾಗಿ ಹೋಲಿಸುವಾಗ ಅದೇ ಆಳ, ಅದೇ ತರದ ಕಲ್ಲು, ಒಂದು ಬಂದ್ ಆದದ್ದು ಒಂದು ಆಗದ್ದು, ಹಾಗೆ ನೋಡ್ಬೇಕು. ಬಂದ್ ಮಾಡುವ ಮೊದಲಿನ ಲೆಕ್ಕವೂ ಇದ್ರೆ ಇನ್ನೂ ಒಳ್ಳೇದು.

ಹಾಗೆ ನೋಡಿದಲ್ಲೆಲ್ಲ ಸಾಮಾನ್ಯವಾಗಿ ಕಾಣುದು ಇಷ್ಟು. ಯಾವ ಜಾತಿ ಮೀನು ಅಲ್ಲಿರ್ತದೆ ಅನ್ನುದನ್ನ ಹೆಚ್ಚಾಗಿ ಆಳ ಮತ್ತು ತಳ ನಿರ್ಧಾರ ಮಾಡ್ತದೆ. ಬಂದ್ ಮಾಡಿದ್ರ ಗುರುತು ಕಾಣುದು ನಾವು ಹಿಡಿಯುವ ಜಾತಿಗಳಲ್ಲಿ, ಅಂದ್ರೆ ಮುರು, ಕೆಂಬೇರಿ (ಸ್ನ್ಯಾಪರ್) ತರದ್ದರಲ್ಲಿ, ಅದೂ ಸಂಖ್ಯೆಗಿಂತ ಮೊದ್ಲು ಗಾತ್ರದಲ್ಲಿ. ನಾವು ತಿನ್ನದ ಸಣ್ಣ ಸಣ್ಣ ಮೀನಿಗೆ ದೊಡ್ಡ ವ್ಯತ್ಯಾಸ ಕಾಣುದಿಲ್ಲ, ಕೆಲವು ಕಡಿಮೆಯೂ ಆಗ್ತಾವೆ, ತಿನ್ನುವ ದೊಡ್ಡಣ್ಣ ಬಂದ ಮೇಲೆ.

ಮಾವನ ಮಾತಿಗೆ ಒಂದು ಉದಾಹರಣೆ. ಫ್ಲಾರಿಡಾದ ಪೂರ್ವ ಕರಾವಳಿಲಿ ಆಕ್ಯುಲಿನಾ ಬ್ಯಾಂಕ್ ಅಂತ ಉಂಟು, 70-100 ಮೀಟರ್ ಆಳ, ಅಂದ್ರೆ ನಮ್ಮ ಲೆಕ್ಕದಲ್ಲಿ 40-55 ಮಾರು. ಅಲ್ಲಿ ಆಕ್ಯುಲಿನಾ ಅನ್ನುವ ಹವಳ ಪೊದೆ ಪೊದೆಯಾಗಿ ಬೆಳೆದು ಅದರಲ್ಲಿ ಮುರು ಜಾತಿಯ ಮೀನುಗಳು ಮೊಟ್ಟೆ ಇಡ್ಲಿಕ್ಕೆ ಗುಂಪು ಸೇರ್ತಿದ್ವು. 1984ರಲ್ಲೇ ಅಲ್ಲಿ ಟ್ರಾಲ್ ಬಂದ್ ಮಾಡಿದ್ರು, ಆದ್ರೆ ಎಲ್ಲ ಜಾಗವನ್ನಲ್ಲ, ಮತ್ತೆ ಕಾವಲು ಸರಿ ಇರಲಿಲ್ಲ. ಸೀಗಡಿ ಟ್ರಾಲಿಗೆ ಹವಳದ ಪೊದೆ ಬಹುಪಾಲು ಪುಡಿ ಪುಡಿ ಆಯ್ತು. ಈಗ ಗೇಟ್ ಹಾಕಿದ್ರೂ ಆ ಪುಡಿಯ ಮೇಲೆ ದೊಡ್ಡ ಮುರು ಕೂರುದಿಲ್ಲ. ಆ ಹವಳ ಬೆಳೆಯುದು ವರ್ಷಕ್ಕೆ ಒಂದೆರಡು ಸೆಂಟಿಮೀಟರ್. ಹತ್ತು ವರ್ಷ ಅಂತ ಹೇಳಿದವರು ಲೆಕ್ಕ ಹಾಕಿ.

ಕುಡ್ಲದ_ಕುಸುಮಕ್ಕ
ಇಷ್ಟು ಚಂದ ವಿವರಿಸಿದ್ದೀರಿ ತಮ್ಮಾ. ನಮ್ಮ ಅಮ್ಮ ಮೀನು ಮಾರ್ತಿದ್ದವರು, ಅವರು ಹೇಳ್ತಿದ್ರು ಮುರು ಮೀನಿಗೆ ಒಂದೇ ಬಿಲ, ಬಿಲ ಬಿಟ್ಟು ಹೋಗುದಿಲ್ಲ ಅಂತ. ಅದು ಹೌದಾ?

ಎಂಎಫ್ಎಸ್ಸಿ_ಮುಗಿಸಿದವ
@ಕುಸುಮಕ್ಕ ಸುಮಾರು ಹೌದು ಅಕ್ಕ. ತುಂಬ ಜಾತಿಯವು ತಮ್ಮ ಕಲ್ಲು ಬಿಟ್ಟು ಜಾಸ್ತಿ ದೂರ ಹೋಗುದಿಲ್ಲ, ಮೊಟ್ಟೆ ಇಡುವ ಸಮಯ ಬಿಟ್ಟು. ಹಾಗಾಗಿ ಒಂದು ಕಲ್ಲನ್ನ ಕಾಯ್ದ್ರೆ ಮುರುವಿಗೆ ಪ್ರಯೋಜನ ಉಂಟು, ಬಂಗುಡೆಗೆ ಇಲ್ಲ, ಅದು ಊರೂರು ತಿರುಗುವ ಮೀನು. ಇನ್ನೊಂದು, ಮುರು ಹುಟ್ಟುವಾಗ ಹೆಣ್ಣು, ದೊಡ್ಡದಾದ ಮೇಲೆ ಕೆಲವು ಗಂಡಾಗ್ತಾವೆ. ದೊಡ್ಡದನ್ನೆಲ್ಲ ಆರಿಸಿ ಹಿಡಿದ್ರೆ ಕಲ್ಲಲ್ಲಿ ಗಂಡೇ ಉಳಿಯುದಿಲ್ಲ.

ಬಂಗುಡೆ_ಪುಳಿಮುಂಚಿ
ನಮ್ಮ ಆಫೀಸಲ್ಲಿ ಉಲ್ಟಾ, ಪ್ರಮೋಷನ್ ಸಿಕ್ಕಿದ್ರೆ ಮಾತ್ರ ಗಂಡಸು ಅಂತ ಲೆಕ್ಕ 😂

ಮಣಿಪಾಲ_ಮಾಣಿ
ಅಷ್ಟು ಆಳದಲ್ಲಿ ಮೀನು ಲೆಕ್ಕ ಹಾಕುದು ಹೇಗೆ? ಮುಳುಗಿ ನೋಡ್ತಾರಾ?

ನೀರೊಳಗಿನ_ನಾಣಿ
ನಾನು ಡೈವಿಂಗ್ ಮಾಡುವವ, ಮುರುಡೇಶ್ವರದ ಹತ್ರದ ನೇತ್ರಾಣಿ ದ್ವೀಪಕ್ಕೆ ಸುಮಾರು ಸಲ ಹೋಗಿದ್ದೇನೆ. ಮೊದಲ ಸರ್ಟಿಫಿಕೇಟಿಗೆ 18 ಮೀಟರ್ ಮಿತಿ, ಮುಂದಿನದಕ್ಕೆ 30, ಹವ್ಯಾಸಕ್ಕೆ ಮುಳುಗುವವರಿಗೆ ಎಲ್ಲ ಮುಗಿದು 40. ಅಂದ್ರೆ ಪಡುಕರೆಯವರು ಹೇಳುವ ಕಲ್ಲಿನ ತಲೆಯನ್ನೂ ನಾವು ಮುಟ್ಟುದಿಲ್ಲ. ನೇತ್ರಾಣಿಲಿ ನಾವು ಚಂದ ಚಂದ ಫೋಟೋ ಹಾಕುದು ಮೇಲಿನ ಮಹಡಿಯದ್ದು ಮಾತ್ರ, ಕೆಳಗಿನ ಮಹಡಿ ಬಾಡಿಗೆಗೆ ಯಾರಿದ್ದಾರೆ ಅಂತ ನಮ್ಗೆ ಗೊತ್ತಿಲ್ಲ. ಒಂದು ವಿಷಯ ಗಮನಿಸಿದ್ದೇನೆ, 15 ಮೀಟರಲ್ಲಿ ಕಾಣುವ ಮುರು ಸಣ್ಣದು, ಕೆಳಗೆ ಕತ್ತಲೆ ಕಡೆಗೆ ಜಾರಿ ಹೋಗುವಂತದ್ದು ದೊಡ್ಡದು.

ಎಂಎಫ್ಎಸ್ಸಿ_ಮುಗಿಸಿದವ
ಅದಕ್ಕೇ ಕ್ಯಾಮೆರಾ ಇಳಿಸುದು. ಕಬ್ಬಿಣದ ಚೌಕಟ್ಟಿಗೆ ಎರಡು ಕ್ಯಾಮೆರಾ, ಮುಂದೆ ಒಂದು ಕೋಲು, ಕೋಲಿನ ತುದಿಲಿ ಬಲೆಚೀಲದಲ್ಲಿ ಜಜ್ಜಿದ ಬೂತಾಯಿ ಜಾತಿಯ ಮೀನು. ತಳಕ್ಕೆ ಇಳಿಸಿ ಒಂದು ಗಂಟೆ ಬಿಡುದು. ವಾಸನೆಗೆ ಬಂದ ಮೀನನ್ನ ಆಮೇಲೆ ವಿಡಿಯೋಲಿ ಎಣಿಸುದು. ಅದೇ ಮೀನು ಹತ್ತು ಸಲ ಬಂದು ಹೋದ್ರೆ ಹತ್ತು ಅಂತ ಎಣಿಸ್ಬಾರ್ದಲ್ಲ, ಹಾಗಾಗಿ ಒಂದೇ ಚೌಕಟ್ಟಲ್ಲಿ ಒಟ್ಟಿಗೆ ಅತಿ ಹೆಚ್ಚು ಎಷ್ಟು ಕಂಡಿತು ಅದೇ ಲೆಕ್ಕ. ಎರಡು ಕ್ಯಾಮೆರಾ ಇದ್ರೆ ಉದ್ದವೂ ಅಳೀಬಹುದು, ಮೀನನ್ನ ಕೊಲ್ಲದೆ. ಇನ್ನೂ ಆಳಕ್ಕೆ ವೈರ್ ಕಟ್ಟಿದ ರೋಬೋಟ್.

ಬಂಗುಡೆ_ಪುಳಿಮುಂಚಿ
ನಮ್ಗೇ ತಿನ್ಲಿಕ್ಕೆ ಸಿಗದ ಬೂತಾಯಿ ಕ್ಯಾಮೆರಾಕ್ಕೆ ಕಟ್ಟುದಾ!! ಯಾವ ಕಾಲ ಬಂತಪ್ಪ

ಗಂಗೊಳ್ಳಿ_ಗಂಡ್
ಹ್ವಾಯ್, ಮುರು ಮುರು ಅಂದ್ಕಂಡ್ ಕಾರ್ಗಿಲ್ ಮೀನ್ ಮರ್ತ್ರ್ಯಾ? ಅದೂ ಕಲ್ಲಿನ್ ಮೀನೇ ಅಲ್ದಾ

ಗಾಳದಜ್ಜನ_ಮೊಮ್ಮಗ
ಹೌದು ಅದು ಒಳ್ಳೆ ಪಾಯಿಂಟ್. ಗೊತ್ತಿಲ್ಲದವರಿಗೆ: ಕಪ್ಪು ನೀಲಿ ಬಣ್ಣ, ಕೆಂಪು ಹಲ್ಲು, ಚರ್ಮ ಚಪ್ಪಲಿ ಸೋಲ್ ಹಾಗೆ. ಕಾರ್ಗಿಲ್ ಯುದ್ಧದ ಸಮಯಕ್ಕೆ ಬಲೆಗೆ ರಾಶಿ ಬೀಳ್ಲಿಕ್ಕೆ ಶುರುವಾದ್ದಕ್ಕೆ ಆ ಹೆಸರು ಅಂತ ಧಕ್ಕೆಲಿ ಹೇಳ್ತಾರೆ. ತಿನ್ಲಿಕ್ಕೆ ಯಾರಿಗೂ ಬೇಡ, ಸೀದಾ ಫಿಶ್‌ಮೀಲಿಗೆ. ಬೆನ್ನಿನ ಮೇಲೆ ಮುಳ್ಳು ಉಂಟು, ಹೆದರಿದ್ರೆ ಕಲ್ಲಿನ ಸಂದಿಗೆ ಹೊಕ್ಕು ಆ ಮುಳ್ಳು ಎಬ್ಬಿಸಿ ಬೀಗ ಹಾಕ್ತದೆ, ಎಳೆದ್ರೂ ಬರುದಿಲ್ಲ. ಅಂತ ಮೀನು ಟ್ರಾಲ್ ಬಲೆಲಿ ರಾಶಿ ರಾಶಿ ಬರ್ತದೆ ಅಂದ್ರೆ ಬಲೆ ಕಲ್ಲಿನ ಎಷ್ಟು ಹತ್ರ ಹೋಗ್ತಾ ಉಂಟು, ನೀವೇ ಹೇಳಿ @ದಕ್ಕೆ_ಬೋಟಿನವ

ದಕ್ಕೆ_ಬೋಟಿನವ
ಅದು ಮೇಲೆ ನೀರಲ್ಲೂ ಗುಂಪು ಕಟ್ಟಿ ತಿರುಗ್ತದೆ. ಅರ್ಧ ಗೊತ್ತಿದ್ದು ಮಾತಾಡ್ಬೇಡ.

ಎಂಎಫ್ಎಸ್ಸಿ_ಮುಗಿಸಿದವ
ಅದೂ ಹೌದು, ಹಗಲಲ್ಲಿ ಕಲ್ಲಿನ ಮೇಲೆ ನೀರಲ್ಲಿ ಗುಂಪಾಗಿ ತೇಲುವ ಆಹಾರ ತಿಂತಾವೆ, ರಾತ್ರಿಗೆ ಸಂದಿ. ಇಬ್ರೂ ಸರಿ, ಜಗಳ ಬೇಡ.

ದಕ್ಕೆ_ಬೋಟಿನವ
ಜಗಳ ಅಲ್ಲ. ನಿಮ್ಮ ಫ್ಲಾರಿಡಾ ಲೆಕ್ಕ ನಮ್ಮ ಕಡಲಿಗೆ ಹಾಕ್ಬೇಡಿ ಅಂತ ಹೇಳುದು ಅಷ್ಟೆ. ಮಳೆಗಾಲ ಮುಗಿದು ಬೋಟು ಇಳಿಸಿದ ಹೊಸತ್ರಲ್ಲಿ ಆಳದಲ್ಲಿ ಬಲೆ ಎಳೆದ್ರೆ ಕೆಲವು ಸಲ ಖಾಲಿ ಚೀಲ ಬರ್ತದೆ, ಅದೇ ಸ್ವಲ್ಪ ಒಳಗೆ ಬಂದ್ರೆ ಮೀನು. ನಿಮ್ಮ ಕಲ್ಲಿನ ಮೀನು ಆಗ ಎಲ್ಲಿರ್ತದೆ? ಬೇಲಿ ಹಾಕಿದ ಜಾಗದಲ್ಲಿ ಕೂತಿರ್ತದಾ?

ಎಂಎಫ್ಎಸ್ಸಿ_ಮುಗಿಸಿದವ
ಈ ಇಡೀ ಚರ್ಚೆಲಿ ಬಂದ ಅತಿ ಒಳ್ಳೆ ಪ್ರಶ್ನೆ ಇದು, ನಿಜವಾಗಿ.

ಮಳೆಗಾಲದ ಗಾಳಿಗೆ ನಮ್ಮ ಪಡುಕಡಲಲ್ಲಿ ಆಳದ ತಂಪು ನೀರು ತಳ ಹಿಡಿದು ದಡದ ಕಡೆಗೆ ಏರ್ತದೆ. ಆ ನೀರಲ್ಲಿ ಗೊಬ್ಬರ ಜಾಸ್ತಿ, ಬೂತಾಯಿ ಬಂಗುಡೆಗೆ ಊಟ ಸಿಗುದು ಅದ್ರಿಂದಲೇ. ಆದ್ರೆ ಆಮ್ಲಜನಕ ತುಂಬ ಕಡಿಮೆ. ಮೇಲಿಂದ ಸತ್ತು ಬೀಳುವ ಪಾಚಿ ಕೊಳೆತು ಇದ್ದದ್ದನ್ನೂ ಮುಗಿಸ್ತದೆ. ಆಗಸ್ಟಿಂದ ಅಕ್ಟೋಬರ್ ತನಕ ತಳದ ನೀರು ಅನೇಕ ಕಡೆ ಉಸಿರಾಡ್ಲಿಕ್ಕೇ ಆಗದ ಹಾಗೆ ಇರ್ತದೆ. ಓಡುವ ಮೀನು ಮೇಲೆ ಅಥವಾ ಒಳಗೆ ಬರ್ತದೆ, ನಿಮ್ಮ ಬಲೆ ಆಗ ಖಾಲಿ.

ಹಾಗಾಗಿ ಬೇರೆ ಕಡೆ "ಆಳ ಅಂದ್ರೆ ಮೀನಿಗೆ ಅಡಗುತಾಣ" ಅಂತ ಹೇಳುವ ಮಾತು ನಮ್ಮಲ್ಲಿ ವರ್ಷದ ಎಲ್ಲ ತಿಂಗಳು ನಡೆಯುದಿಲ್ಲ. 40 ಮಾರಿನ ಒಂದೇ ಕಲ್ಲಿಗೆ ಚೌಕ ಗೆರೆ ಎಳೆದು ಬಂದ್ ಮಾಡಿದ್ರೆ, ಆ ಮೂರು ತಿಂಗಳು ಮೀನು ಗೆರೆ ದಾಟಿ 15 ಮಾರಿಗೆ ಬಂದು ಅಲ್ಲಿ ಸಿಕ್ಕಿ ಹಾಕ್ಕೊಳ್ತದೆ. ನನ್ನ ಅಭಿಪ್ರಾಯದಲ್ಲಿ ಗೆರೆ ಎಳೆಯುದಾದ್ರೆ ದಡದಿಂದ ಆಳಕ್ಕೆ ಉದ್ದಕ್ಕೆ ಎಳಿಬೇಕು, ಅಡ್ಡಕ್ಕೆ ಅಲ್ಲ. ಸಣ್ಣ ಮುರು ಬೆಳೆಯುದೂ ಒಳಗಿನ ಬಂಡೆ, ಅಳಿವೆ ಬಾಗಿಲಲ್ಲೇ.

ದಕ್ಕೆ_ಬೋಟಿನವ
ಹೂಂ. ಉದ್ದಕ್ಕೆ ಎಳೆದ್ರೆ ನಾವು ಮಂಗಳೂರಿಂದ ಮಲ್ಪೆಗೆ ಹಾರಿ ಹೋಗ್ಬೇಕಾ

ಮಣಿಪಾಲ_ಮಾಣಿ
ನಮ್ಮ ರಾಜ್ಯದಲ್ಲಿ ಈಗ ಕಡಲ ಅಭಯಾರಣ್ಯ ಉಂಟಲ್ಲ, ಹೊನ್ನಾವರದ ಅಪ್ಸರಕೊಂಡ ಮುಗಳಿ. ಅದ್ರಿಂದ ಇದಕ್ಕೆ ಪ್ರಯೋಜನ ಇಲ್ವಾ?

ನೀರೊಳಗಿನ_ನಾಣಿ
ಅದು ದಡಕ್ಕೆ ತಾಗಿಕೊಂಡ ಜಾಗ, ಆಮೆ ಮೊಟ್ಟೆ ಇಡುದೆಲ್ಲ ಅಲ್ಲಿ. ಒಳ್ಳೇದೇ. ಆದ್ರೆ ಇಲ್ಲಿ ಮಾತಾಡುವ ಆಳ ಅಲ್ಲಿಲ್ಲ. ನಮ್ಮ ದೇಶದ್ದು ಹೆಚ್ಚಿನದ್ದೂ ಹಾಗೇ, ಕಚ್ಛ್ 1982, ಮನ್ನಾರ್ 1986, ಮಾಲ್ವಣ 1987, ಎಲ್ಲ ದಡ ದ್ವೀಪದ ಸುತ್ತ.

ಗಾಳದಜ್ಜನ_ಮೊಮ್ಮಗ
ಮಾಲ್ವಣದಲ್ಲಿ ಊರಿನ ಮೀನುಗಾರರೇ ವಿರೋಧ ಮಾಡಿದ್ದು, ಅದನ್ನೂ ಹೇಳಿ. ಅವರನ್ನ ಕೇಳದೆ ಮಾಡಿದ್ರೆ ಕಾವಲು ಕಾಯುವವ ಯಾರು? ಬುಲ್ ಟ್ರಾಲ್ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುದು), ಲೈಟ್ ಫಿಶಿಂಗ್ (ದೀಪ ಹಾಕಿ ಮೀನು ಸೇರಿಸಿ ಹಿಡಿಯುದು) 2017ರಲ್ಲೇ ಬ್ಯಾನ್ ಆದದ್ದು. ರಾತ್ರಿ ಕಡಲಿಗೆ ಹೋದವರ ಹತ್ರ ಕೇಳಿ ಎಷ್ಟು ಬ್ಯಾನ್ ಆಗಿದೆ ಅಂತ.

ಮತ್ತೆ ನನ್ನ ಮುಖ್ಯ ತಕರಾರು ಇಲ್ಲುಂಟು. ಕಲ್ಲು ಬಂದ್ ಅಂದ್ರೆ ಮೊದ್ಲು ಏಟು ಬೀಳುದು ಟ್ರಾಲಿಗೆ ಅಲ್ಲ, ಗಾಳ ಹಾಕುವವನಿಗೆ. ಟ್ರಾಲಿಗೆ ಹೊಯ್ಗೆ ತಳ ಬೇಕಾದಷ್ಟುಂಟು. ನನ್ನ ಅಜ್ಜ ಜೀವಮಾನ ಪೂರ್ತಿ ನಾಲ್ಕು ಕಲ್ಲಿನಿಂದ ಬದುಕಿದವರು, ಒಂದು ದಿನಕ್ಕೆ ಐದಾರು ಮೀನು, ಒಂದು ಕೊಂಬೆ ಮುರಿದವರಲ್ಲ. ಟ್ರಾಲ್ ಮಾತ್ರ ದೂರ ಇಡಿ, ಗಾಳ ಬಿಡಿ, ಆಗ ಊರಿನವರೇ ಕಾವಲು ನಿಲ್ತಾರೆ.

ಎಂಎಫ್ಎಸ್ಸಿ_ಮುಗಿಸಿದವ
ಈ ಮಾತನ್ನ ಅರ್ಧ ಒಪ್ತೇನೆ. ಗಾಳದಿಂದ ಕಲ್ಲು ಹಾಳಾಗುದಿಲ್ಲ, ಆದ್ರೆ ದೊಡ್ಡ ಮುರುವನ್ನ ಮೊದ್ಲು ಖಾಲಿ ಮಾಡುದು ಗಾಳವೇ, ಹಸಿದ ದೊಡ್ಡ ಮೀನೇ ಮೊದ್ಲು ಕಚ್ಚುದು. ಹಿಂದೆ ಅಜ್ಜ ಹುಟ್ಟು ಹಾಕಿ ಹೋಗ್ತಿದ್ರು, ಈಗ ಎಂಜಿನ್, ಫಿಶ್ ಫೈಂಡರ್, ಐಸ್ ಬಾಕ್ಸ್. ಐದಾರಕ್ಕೆ ನಿಲ್ತದಾ?

2014ರಲ್ಲಿ ಪ್ರಪಂಚದ 87 ಕಡಲ ಅಭಯಾರಣ್ಯಗಳನ್ನ ನೋಡಿದ ಒಂದು ಅಧ್ಯಯನ ಬಂದಿತ್ತು. ಪೂರ್ತಿ ಬಂದ್, ಗಟ್ಟಿ ಕಾವಲು, 10 ವರ್ಷಕ್ಕಿಂತ ಹಳೇದು, 100 ಚದರ ಕಿಲೋಮೀಟರಿಗಿಂತ ದೊಡ್ಡದು, ಸುತ್ತ ಆಳ ನೀರು ಅಥವಾ ಹೊಯ್ಗೆ ಇದ್ದು ಬೇರೆ ಕಲ್ಲಿನಿಂದ ಪ್ರತ್ಯೇಕ. ಈ ಐದರಲ್ಲಿ ಒಂದೆರಡು ಮಾತ್ರ ಇದ್ದಲ್ಲಿ ಹೊರಗಿನ ಕಡಲಿಗೂ ಒಳಗಿನದಕ್ಕೂ ವ್ಯತ್ಯಾಸವೇ ಇರಲಿಲ್ಲ. ಕೊನೆಯದ್ದು ಪುನಃ ಮಾವನ ಮಾತೇ ನೋಡಿ, ತಳ ಹೇಗುಂಟು ಅನ್ನುದು.

ಕುಡ್ಲದ_ಕುಸುಮಕ್ಕ
ಸಣ್ಣ ಮೀನು ಬಂದ್ರೆ ವಾಪಸ್ ನೀರಿಗೆ ಬಿಟ್ರೆ ಆಗುದಿಲ್ವಾ? ಇಷ್ಟೆಲ್ಲ ಬಂದ್ ಯಾಕೆ?

ಗಾಳದಜ್ಜನ_ಮೊಮ್ಮಗ
ಅಕ್ಕಾ ಆಳದಿಂದ ಎಳೆದ ಮುರು ಮೇಲೆ ಬರುವಾಗಲೇ ಹೊಟ್ಟೆ ಉಬ್ಬಿ, ಒಳಗಿಂದು ಬಾಯಿಯಿಂದ ಹೊರಗೆ ಬಲೂನಿನ ಹಾಗೆ ಬಂದಿರ್ತದೆ, ಕಣ್ಣು ಹೊರಗೆ. ಬಿಟ್ರೆ ಕೆಳಗೆ ಹೋಗುದಿಲ್ಲ, ಹೊಟ್ಟೆ ಮೇಲೆ ಮಾಡಿ ತೇಲ್ತದೆ, ಕಡಲಹಕ್ಕಿ ಬಂದು ಕುಕ್ತದೆ.

ಎಂಎಫ್ಎಸ್ಸಿ_ಮುಗಿಸಿದವ
10 ಮೀಟರ್ ಇಳಿದ ಹಾಗೆ ಒಂದೊಂದು ವಾತಾವರಣದ ಒತ್ತಡ ಕೂಡ್ತದೆ. 40 ಮೀಟರಿನ ಮೀನಿನ ಗಾಳಿಚೀಲ ಮೇಲೆ ಬರುವಾಗ ಐದು ಪಟ್ಟು ಹಿಗ್ಗಬೇಕು. ಹಾಗಾಗಿ ಆಳದಲ್ಲಿ "ಇಷ್ಟುದ್ದಕ್ಕಿಂತ ಸಣ್ಣದು ಹಿಡೀಬಾರ್ದು" ಅನ್ನುವ ಕಾನೂನು ಪುಸ್ತಕದಲ್ಲಿ ಮಾತ್ರ ಚಂದ. ಆಳಕ್ಕೆ ಜಾಗ ಬಂದ್ ಮಾಡುವ ವಾದ ಗಟ್ಟಿ ಆಗುದು ಇದೇ ಕಾರಣಕ್ಕೆ. ಹವಾಯಿಲಿ 1998ರಲ್ಲಿ ಆಳದ ಕೆಂಬೇರಿ ಜಾತಿಗಳಿಗೋಸ್ಕರ 19 ಜಾಗ ಬಂದ್ ಮಾಡಿದ್ದೂ ಅದೇ ತರದ ಮೀನಿಗೆ.

ಗಂಗೊಳ್ಳಿ_ಗಂಡ್
ಇಷ್ಟೆಲ್ಲ ಎಂತಕ್ಕೆ, ಸಿಮೆಂಟ್ ಕಲ್ಲ್ ಮಾಡಿ ಹಾಕ್ರೆ ಆಯ್ತಲೆ. ಕಪ್ಪೆ ಬೊಂಡಾಸಿಗೆ (ಕಟಲ್‌ಫಿಶ್) ತೆಂಗಿನ ಗರಿ ಕಟ್ಟಿ ಮುಳುಗ್ಸ್ರೆ ಹ್ಯಾಂಗ್ ಬತ್ತ್ ಕಾಣಿ

ನೀರೊಳಗಿನ_ನಾಣಿ
ಗರಿಗೆ ಬೊಂಡಾಸ್ ಬರುದು ಮೊಟ್ಟೆ ಅಂಟಿಸ್ಲಿಕ್ಕೆ ಮಾರ್ರೆ! ಬಂದ ತಾಯಿಯನ್ನೇ ಗಾಳದಲ್ಲಿ ಎತ್ತುದು, ಆಮೇಲೆ ಆ ಗರಿ ಟ್ರಾಲಿಗೆ ಸಿಕ್ಕಿ ಅವರಿಗೂ ಇವರಿಗೂ ಹೊಡೆದಾಟ. ಸಿಮೆಂಟ್ ಕಲ್ಲೂ ಹಾಗೇ, ಸುತ್ತಿನ ಮೀನೆಲ್ಲ ಒಂದೇ ಕಡೆ ಸೇರಿ ಹಿಡಿಲಿಕ್ಕೆ ಸುಲಭ ಆಗ್ತದೆ. ಹಾಕಿದ ಮೇಲೆ ಅಲ್ಲಿ ಹಿಡಿಯದೆ ಬಿಟ್ರೆ ಮಾತ್ರ ಅದು ಮನೆ, ಇಲ್ಲದಿದ್ರೆ ಬೋನು.

ಮಣಿಪಾಲ_ಮಾಣಿ
ಉಳ್ಳಾಲದ ಹತ್ರ 2022ರಲ್ಲಿ ಹಡಗು ಮುಳುಗಿತಲ್ಲ, ಅಲ್ಲಿ ಈಗ ಮುರು ಇರಬಹುದಾ

ಬಂಗುಡೆ_ಪುಳಿಮುಂಚಿ
ಸ್ಟೀಲ್ ಕಾಯಿಲ್ ಇದ್ದ ಹಡಗು ಅದು, ಮುರು ಒಳ್ಳೆ ಗಟ್ಟಿಮುಟ್ಟಾಗಿರ್ತದೆ

ದಕ್ಕೆ_ಬೋಟಿನವ
ನಾನು ಕೊನೆಗೆ ಒಂದು ಕೇಳ್ತೇನೆ, ಎಂಎಫ್ಎಸ್ಸಿಯವರೇ ಉತ್ತರ ಕೊಡಿ. ನಮ್ಮ ಕಡಲಲ್ಲಿ 25-40 ಮಾರಿನ ಕಲ್ಲು ಯಾವುದೆಲ್ಲ ಎಲ್ಲೆಲ್ಲ ಉಂಟು ಅಂತ ನಿಮ್ಮ ಹತ್ರ ನಕ್ಷೆ ಉಂಟಾ? ಯಾವ ಕಲ್ಲು ಎತ್ತರದ್ದು, ಯಾವುದು ಚಪ್ಪಟೆ, ಯಾವುದ್ರಲ್ಲಿ ಬಿರುಕು?

ಎಂಎಫ್ಎಸ್ಸಿ_ಮುಗಿಸಿದವ
ಅಷ್ಟು ಸೂಕ್ಷ್ಮದ್ದು ನನ್ನ ಹತ್ರ ಇಲ್ಲ. ನಿಮ್ಮ ಪ್ಲಾಟರಲ್ಲಿ ಉಂಟು.

ದಕ್ಕೆ_ಬೋಟಿನವ
ಉಂಟು. ಕೊಟ್ರೆ ನಾಳೆ ಅದೇ ಜಿಪಿಎಸ್ ನಂಬರಿಗೆ ಗೆರೆ ಎಳಿತೀರಿ. ಗೆರೆ ಎಳೆಯದಿದ್ರೆ ಇನ್ನೊಂದು ಬೋಟಿನವ ಬಂದು ಎಳಿತಾನೆ, ಬಲೆ. ಎರಡರಲ್ಲೂ ನನಗೆ ನಷ್ಟವೇ.

ಪಡುಕರೆಯವ
ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಉದ್ದ ಹೋಗ್ತದೆ ಅಂತ ಅಂದ್ಕೊಂಡಿರಲಿಲ್ಲ. ಇದನ್ನೆಲ್ಲ ಮಾವನಿಗೆ ಓದಿ ಹೇಳಿದೆ. ಫ್ಲಾರಿಡಾದ್ದು ಕೇಳಿ "ನಾನು ಹೇಳಿದ್ದೇ ಅಲ್ವಾ" ಅಂತ ಮಗನಿಗೆ ಫೋನ್ ಮಾಡಿ ಹೇಳಿದ್ರು. ದೊಡ್ಡದನ್ನ ಮೊದ್ಲು ಖಾಲಿ ಮಾಡುದು ಗಾಳ ಅಂದದ್ದಕ್ಕೆ ಮಾತ್ರ ಏನೂ ಹೇಳ್ಲಿಲ್ಲ, ಎದ್ದು ಒಳಗೆ ಹೋದ್ರು.

ವಾಪಸ್ ಬರುವಾಗ ಕೈಲಿ ಒಂದು ಹಳೆ ಡೈರಿ, ಪ್ಲಾಸ್ಟಿಕ್ ತೊಟ್ಟೆಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದು. ಒಳಗೆ ಪುಟಕ್ಕೊಂದು ಕಲ್ಲು. ಒಂದಕ್ಕೆ ಅಜ್ಜಿಕಲ್ಲು ಅಂತ ಹೆಸರು, ಒಂದಕ್ಕೆ ಸುಮ್ನೆ "ಬಲೆ ಹೋದ ಕಲ್ಲು". ಎಷ್ಟು ಮಾರು, ಯಾವ ತಿಂಗಳು ಯಾವ ಮೀನು, ಸೆಪ್ಟೆಂಬರ್ ಎದುರು ಎಲ್ಲದಕ್ಕೂ "ಇಲ್ಲ" ಅಂತ ಬರ್ದದ್ದು. ಕೆಲವು ಪುಟಕ್ಕೆ ಅಡ್ಡ ಗೀಟು ಹಾಕಿದ್ದಾರೆ, ಎಂತಕ್ಕೆ ಅಂತ ಕೇಳಿದ್ರೆ "ಅದು ಈಗ ಕಲ್ಲಲ್ಲ, ಕೆಸರು" ಅಂದ್ರು. ನಾನು ಫೋಟೋ ತೆಗಿಲಿಕ್ಕೆ ಮೊಬೈಲ್ ಎತ್ತಿದೆ. ನಂಬರ್ ಇರುವ ಗೆರೆ ಮೇಲೆ ಅಂಗೈ ಇಟ್ರು, ಡೈರಿ ಮುಚ್ಚಿದ್ರು.

ದಕ್ಕೆ_ಬೋಟಿನವ
ಒಳ್ಳೆ ಕೆಲ್ಸ ಮಾಡಿದ್ರು. ನಿಮ್ಮ ಮಾವನಿಗೆ ನನ್ನ ನಮಸ್ಕಾರ ಹೇಳಿ.

ಎಂಎಫ್ಎಸ್ಸಿ_ಮುಗಿಸಿದವ
ಪಡುಕರೆಯವ್ರೇ, ನಂಬರ್ ಬೇಡ. ಮಾರು, ತಿಂಗಳು, ಮೀನು, ಮತ್ತೆ ಯಾವ ವರ್ಷ ಗೀಟು ಹಾಕಿದ್ದು, ಅಷ್ಟು ಮಾತ್ರ ಬರ್ಕೊಳ್ಬಹುದಾ ಅಂತ ಕೇಳ್ತೀರಾ? ನಾನೇ ಬರ್ತೇನೆ ಬೇಕಾದ್ರೆ, ಮೊಬೈಲ್ ಹೊರಗಿಟ್ಟು.

ಪಡುಕರೆಯವ
ಕೇಳ್ತೇನೆ. ಈಗ ಮಲಗಿದ್ದಾರೆ, ಡೈರಿ ತಲೆದಿಂಬಿನ ಅಡಿಲಿ ಉಂಟು.